ಕಾರವಾರದ ಬೆಳಕಿಗೆ ಯಾವ ಮಿಸ್ಟ್ ಫಿಲ್ಟರ್? 1/8, 1/4, ಕಾಲುಚೀಲದ ಬಲೆ, ಇಲ್ಲಾ ಎಡಿಟಿಂಗ್ ಗ್ಲೋ

ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಾಗಲಿ ವಿಡಿಯೊ ಮಾಡುವವರು ಒಂದೇ ಒಂದು ಡಿಫ್ಯೂಷನ್ ಫಿಲ್ಟರ್ (ಲೆನ್ಸಿನ ಮುಂದೆ ಹಾಕಿ ಬೆಳಕನ್ನು ಮೆತ್ತಗೆ ಮಾಡುವ ಗಾಜು; ಮಿಸ್ಟ್ ಅದರ ಒಂದು ಬಗೆ) ಕೊಳ್ಳುವುದಾದರೆ ಬ್ಲ್ಯಾಕ್ ಮಿಸ್ಟ್ 1/8 ಕೊಳ್ಳಿ. ಈ ಭಿನ್ನರಾಶಿ ಫಿಲ್ಟರಿನ ಜೋರು ಎಷ್ಟು ಅನ್ನುವುದನ್ನು ಹೇಳುತ್ತದೆ, 1/8ಕ್ಕಿಂತ 1/4 ಜೋರು. ಯೂಟ್ಯೂಬ್‌ನಲ್ಲಿ ಹೆಚ್ಚಿನವರು 1/4 ತಗೊಳ್ಳಿ ಅನ್ನುತ್ತಾರೆ. ಅವರ ಊರಿನ ಗಾಳಿ ಬೇರೆ, ನಮ್ಮ ಊರಿನ ಗಾಳಿ ಬೇರೆ.

ಮದುವೆ, ಪ್ರಿ ವೆಡ್ಡಿಂಗ್, ಕಿರುಚಿತ್ರ, ಯಕ್ಷಗಾನದ ರೆಕಾರ್ಡಿಂಗ್ ಮಾಡುವ ಹುಡುಗರು ಕೇಳುವ ಪ್ರಶ್ನೆ ಒಂದೇ: "ವಿಡಿಯೊ ವಿಡಿಯೊ ಥರ ಕಾಣ್ತದೆ, ಸಿನಿಮಾ ಥರ ಕಾಣ್ಬೇಕು, ಯಾವ ಫಿಲ್ಟರ್ ಹಾಕ್ಬೇಕು?" ಫಿಲ್ಟರ್ ಅದರಲ್ಲಿ ಒಂದು ಪಾಲು ಮಾತ್ರ. ಸೆಕೆಂಡಿಗೆ 24 ಫ್ರೇಮ್, 1/50 ಶಟರ್, ಹೈಲೈಟ್ (ಚಿತ್ರದ ಅತಿ ಬೆಳಕಿನ ಭಾಗ) ಸುಟ್ಟು ಬರೀ ಬಿಳಿಯಾಗದ ಎಕ್ಸ್‌ಪೋಷರ್, ಒಂದು ಕಡೆಯಿಂದ ಬರುವ ಬೆಳಕು, ಇಷ್ಟು ಇಲ್ಲದೆ ಯಾವ ಗಾಜು ಹಾಕಿದರೂ ವಿಡಿಯೊ ವಿಡಿಯೊ ಆಗಿಯೇ ಉಳಿಯುತ್ತದೆ. ಇಷ್ಟು ಇದ್ದರೆ ಮಿಸ್ಟ್ ಫಿಲ್ಟರ್ ಕೊನೆಯ ಹತ್ತು ಹೆಜ್ಜೆ ನಡೆಸುತ್ತದೆ.

ಈ ಗಾಜು ಮಾಡುವುದೇನು

ಫಿಲ್ಟರಿನ ಗಾಜಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಲೆನ್ಸಿಗೆ ನೇರ ಹೋಗಬೇಕಾದ ಬೆಳಕಿನಲ್ಲಿ ಸ್ವಲ್ಪ ಭಾಗ ಆ ಕಣಗಳಿಗೆ ತಾಗಿ ಅಕ್ಕಪಕ್ಕಕ್ಕೆ ಚದುರುತ್ತದೆ. ದೀಪದ ಸುತ್ತ ಒಂದು ಮೆತ್ತನೆಯ ಪ್ರಭೆ ಬರುತ್ತದೆ, ಚರ್ಮದ ಮೇಲಿನ ಒರಟು ಕಾಂಟ್ರಾಸ್ಟ್ ಸ್ವಲ್ಪ ಇಳಿಯುತ್ತದೆ. ಡಿಜಿಟಲ್ ಸೆನ್ಸರಿನಲ್ಲಿ ಬೆಳಕಿನ ಅಂಚು ಚಾಕುವಿನಿಂದ ಕೊಯ್ದ ಹಾಗೆ ನಿಲ್ಲುತ್ತದಲ್ಲ, ಅದನ್ನು ಮೆದುಗೊಳಿಸುವುದಷ್ಟೇ ಇದರ ಕೆಲಸ. ಸುಟ್ಟ ಹೈಲೈಟ್ ವಾಪಸು ಬರುವುದಿಲ್ಲ. ಸುಟ್ಟ ಜಾಗದ ಅಂಚು ಮಾತ್ರ ಮಬ್ಬಾಗುತ್ತದೆ.

ಫಿಲ್ಮ್ ರೀಲಿನಲ್ಲಿ ನಡೆಯುತ್ತಿದ್ದದ್ದು ಪೂರ್ತಿ ಇದೇ ಅಲ್ಲ. ಅಲ್ಲಿ ಜೋರು ಬೆಳಕು ಎಮಲ್ಷನ್ ಪದರಗಳನ್ನು (ಬೆಳಕು ಹಿಡಿಯುವ ಲೇಪ) ದಾಟಿ ಹಿಂದಿನ ಬೇಸ್‌ಗೆ (ರೀಲಿನ ಪ್ಲಾಸ್ಟಿಕ್) ತಾಗಿ ವಾಪಸು ಬರುತ್ತಿತ್ತು. ಬೇಸ್‌ಗೆ ಹತ್ತಿರ ಇರುವುದು ಕೆಂಪು ಬೆಳಕನ್ನು ಹಿಡಿಯುವ ಪದರ. ಹಾಗಾಗಿ ದೀಪದ ಸುತ್ತ ಕೆಂಪು, ಕಿತ್ತಳೆ ಬಣ್ಣದ ಸಣ್ಣ ಬಳೆ ಮೂಡುತ್ತಿತ್ತು. ಇದಕ್ಕೆ ಹ್ಯಾಲೇಶನ್ ಅನ್ನುತ್ತಾರೆ. ಅದನ್ನು ತಡೆಯಲೆಂದೇ ಕೊಡಾಕ್‌ನವರು ಸಿನಿಮಾ ರೀಲಿನ ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಲೇಪ ಬಳಿಯುತ್ತಿದ್ದರು. ಆ ಲೇಪ ತೆಗೆದು ಮಾರುವ ಸಿನೆಸ್ಟಿಲ್ 800ಟಿ ರೀಲಿನಲ್ಲಿ ಕೆಂಪು ಬಳೆ ಎದ್ದು ಕಾಣುವುದು ಇದೇ ಕಾರಣಕ್ಕೆ.

ಮಿಸ್ಟ್ ಫಿಲ್ಟರ್ ಈ ಕೆಂಪು ಬಳೆ ಕೊಡುವುದಿಲ್ಲ. ಹಳದಿ ಬಲ್ಬಿಗೆ ಹಳದಿ ಪ್ರಭೆ, ನೀಲಿ ಎಲ್‌ಇಡಿಗೆ ನೀಲಿ ಪ್ರಭೆ, ಅಷ್ಟೇ. ಕೆಂಪು ಹ್ಯಾಲೇಶನ್ನೇ ಬೇಕು ಅನ್ನುವವರಿಗೆ ಎಡಿಟಿಂಗೇ ಸುಲಭದ ದಾರಿ. ಆ ಮಾತು ಕೆಳಗೆ ಬರುತ್ತದೆ.

ನಮ್ಮ ಗಾಳಿಯೇ ಅರ್ಧ ಫಿಲ್ಟರ್

ಕಾರವಾರದ ಟಾಗೋರ್ ಬೀಚಿನಲ್ಲಿ ಸಂಜೆ ಹೊತ್ತು ನಿಂತು ದೂರದ ಗುಡ್ಡ ನೋಡಿ. ಅದು ಕಪ್ಪಗೆ ಕಾಣುವುದಿಲ್ಲ, ಬೂದು ನೀಲಿಯಾಗಿ ಕಾಣುತ್ತದೆ. ಗಾಳಿಯಲ್ಲಿ ತೇವ ಇದೆ, ಅಲೆ ಒಡೆದಾಗ ಎದ್ದ ಉಪ್ಪಿನ ಕಣ ಇದೆ. ಬೆಳಕನ್ನು ಅವು ಆಗಲೇ ಚದುರಿಸಿವೆ. ಇದರ ಮೇಲೆ 1/4 ಹಾಕಿದರೆ ಎರಡು ಸಲ ಮಿಸ್ಟ್ ಹಾಕಿದಂತಾಯಿತು. ಗ್ರೇಡಿಂಗ್‌ನಲ್ಲಿ, ಅಂದರೆ ಎಡಿಟಿಂಗ್‌ನಲ್ಲಿ ಬಣ್ಣ ತಿದ್ದುವಾಗ, ಕಪ್ಪನ್ನು ಕೆಳಗೆ ಎಳೆದೂ ಎಳೆದೂ ಕೈ ಸೋಲುತ್ತದೆ. ಒಣಹವೆಯ ಊರಿನಲ್ಲಿ ತೆಗೆದ ಟೆಸ್ಟ್ ವಿಡಿಯೊ ನೋಡಿ ಇಲ್ಲಿಗೆ ಫಿಲ್ಟರ್ ಆರಿಸಿದರೆ ಆಗುವ ಎಡವಟ್ಟು ಇದು.

ನಮ್ಮದು ಪಶ್ಚಿಮ ಕರಾವಳಿ. ಬೆಳಿಗ್ಗೆ ಸೂರ್ಯ ಘಟ್ಟದ ಹಿಂದಿನಿಂದ ಬರುತ್ತಾನೆ. ಕಡಲಿಗೆ ಮುಖ ಮಾಡಿ ಕ್ಯಾಮೆರಾ ಇಟ್ಟರೆ ಬೆಳಕು ನಿಮ್ಮ ಬೆನ್ನಿಗೆ. ಫ್ರೇಮಿನಲ್ಲಿ ಹೊಳೆಯುವ ವಸ್ತು ಹೆಚ್ಚೇನೂ ಇರುವುದಿಲ್ಲ, ಆಗ 1/8 ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಸಂಜೆ ಪೂರ್ತಿ ಉಲ್ಟಾ. ಸೂರ್ಯ ಎದುರಿಗೆ, ನೀರಿನ ಮೇಲೆ ಸಾವಿರ ಮಿಂಚು, ದಡದಲ್ಲಿ ಎಳೆಯುತ್ತಿರುವ ಒದ್ದೆ ಬಲೆಯ ಒಂದೊಂದು ಗಂಟಿನಲ್ಲೂ ಬೆಳಕು. 1/8 ಈ ಮಿಂಚುಗಳಿಗೆ ಒಂದೊಂದು ಸಣ್ಣ ಪ್ರಭೆ ಕೊಟ್ಟು ಸುಮ್ಮನಿರುತ್ತದೆ. 1/4 ಹಾಕಿದರೆ ಆ ಪ್ರಭೆಗಳೆಲ್ಲ ಒಂದಕ್ಕೊಂದು ಸೇರಿಕೊಂಡು ನೀರೇ ಬಿಳಿಚಿಕೊಳ್ಳುತ್ತದೆ, ಎದುರು ನಿಂತ ಮನುಷ್ಯನ ಮುಖವೂ ಅದರೊಳಗೆ ಹೋಗುತ್ತದೆ.

ಮಳೆಗಾಲದಲ್ಲಿ ಮಿಸ್ಟ್ ಬೇಡವೇ ಬೇಡ. ಮೋಡದ ಆಕಾಶ ಅಂದರೆ ತಲೆ ಮೇಲೆ ಹರಡಿದ ಒಂದು ದೊಡ್ಡ ಬಿಳಿ ದೀಪ. ಫಿಲ್ಟರ್ ಆ ಬಿಳಿಯನ್ನು ತಂದು ಫ್ರೇಮಿನ ಎಲ್ಲ ಕಡೆ ಸುರಿಯುತ್ತದೆ. ಪ್ರಭೆ ಎಲ್ಲೂ ಕಾಣುವುದಿಲ್ಲ, ಕಾಂಟ್ರಾಸ್ಟ್ ಮಾತ್ರ ಹೋಗಿರುತ್ತದೆ. ಗಾಜಿನ ಮೇಲೆ ಬಿದ್ದ ಹನಿಯ ತಲೆನೋವು ಬೇರೆ.

ಘಟ್ಟದ ಮೇಲೆ ಕಥೆ ಸ್ವಲ್ಪ ಬೇರೆ. ಶಿರಸಿ ಕಡೆ ಚಳಿಗಾಲದ ಬೆಳಿಗ್ಗೆ ತೋಟದಲ್ಲಿ ಇಬ್ಬನಿ ಇದ್ದಾಗ ಫಿಲ್ಟರ್ ಚೀಲದಲ್ಲೇ ಇರಲಿ. ಇಬ್ಬನಿ ಕರಗಿದ ಮೇಲೆ ಅಡಿಕೆ ತೋಟದೊಳಗೆ ನಿಂತು ಮೇಲೆ ನೋಡಿ. ಹೆಡೆಗಳ ಸಂದಿಯಲ್ಲಿ ಆಕಾಶ ನೂರಾರು ಬಿಳಿ ಚೂರಾಗಿ ಕಾಣುತ್ತದೆ, ಕೆಳಗೆ ಕತ್ತಲು. ಕ್ಯಾಮೆರಾಗೆ ಅದು ನೂರು ಬಲ್ಬ್ ಹಚ್ಚಿದ ಹಾಗೆಯೇ ಲೆಕ್ಕ. ಇಲ್ಲಿ 1/4 ಅಂದರೆ ಹಸಿರು ಪೂರ್ತಿ ತೊಳೆದುಹೋಗುತ್ತದೆ. 1/8 ಹಾಕಿ, ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಾಗಿಸಿ, ಆಕಾಶದ ಚೂರು ಕಡಿಮೆ ಬರುವಂತೆ ಫ್ರೇಮ್ ಕಟ್ಟಿದರೆ ತೋಟದ ಬೆಳಕು ಚೆಂದ ಬರುತ್ತದೆ.

ಹಾಗಾದರೆ 1/4 ಯಾವಾಗ?

ಇದಕ್ಕೆ ಉತ್ತರ ಲೆನ್ಸಿನಲ್ಲಿದೆ. ಫಿಲ್ಟರ್ ಬೆಳಕನ್ನು ಚದುರಿಸುವ ಕೋನ ಯಾವ ಲೆನ್ಸಿಗೂ ಒಂದೇ. ಆದರೆ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವುದು) ಆ ಕೋನವನ್ನು ದೊಡ್ಡದು ಮಾಡಿ ತೋರಿಸುತ್ತದೆ, ವೈಡ್ ಲೆನ್ಸ್ (ಅಗಲ ನೋಟದ್ದು, ಎಂಎಂ ಸಂಖ್ಯೆ ಚಿಕ್ಕದು) ಚಿಕ್ಕದು ಮಾಡುತ್ತದೆ. ಅದಕ್ಕೇ 24 ಎಂಎಂನಲ್ಲಿ ಇದೆಯೋ ಇಲ್ಲವೋ ಅನ್ನಿಸುವ 1/8, 135 ಎಂಎಂಗೆ ಹೋದಾಗ ಜೋರಾಗಿ ಕಾಣುತ್ತದೆ. 1/4 ಇದ್ದರೆ ವೈಡ್ ಲೆನ್ಸಿಗೆ ಹಾಕಿ, ರಾತ್ರಿ ಹಾಕಿ, ಒಳಾಂಗಣದಲ್ಲಿ ಹಾಕಿ. ಗೋಕರ್ಣದ ಗಲ್ಲಿಯಲ್ಲಿ ರಾತ್ರಿ ಅಂಗಡಿ ಬಲ್ಬುಗಳ ನಡುವೆ 24 ಎಂಎಂನಲ್ಲಿ ನಡೆದುಹೋಗುವ ಶಾಟ್‌ಗೆ 1/4 ಒಪ್ಪುತ್ತದೆ. ಹಳೆ ಮನೆಯ ಜಗುಲಿಯಲ್ಲಿ ಒಂದೇ ದೀಪ, ಒಂದೇ ಮುಖ ಇದ್ದರೂ ಒಪ್ಪುತ್ತದೆ. 1/2 ಮತ್ತು 1 ಕನಸಿನ ದೃಶ್ಯಕ್ಕೋ ಹಾಡಿಗೋ ಸರಿ, ಬಾಡಿಗೆಗೆ ತಂದರೆ ಸಾಕು.

ಜೂಮ್ ಲೆನ್ಸ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. 24-70 ಹಾಕಿ ಶಾಟ್ ನಡುವೆ ಜೂಮ್ ಮಾಡಿದರೆ ಪ್ರಭೆಯೂ ಜೂಮ್ ಜೊತೆ ಬೆಳೆಯುತ್ತದೆ. ಒಂದೇ ಮಾತುಕತೆಯ ವೈಡ್ ಶಾಟ್ ಮತ್ತು ಕ್ಲೋಸಪ್ ಎರಡಕ್ಕೂ ಒಂದೇ ಫಿಲ್ಟರ್ ಹಾಕಿದರೆ ಎಡಿಟಿಂಗ್‌ನಲ್ಲಿ ಜೋಡಿಸುವಾಗ ಕ್ಲೋಸಪ್ ಹೆಚ್ಚು ಮಬ್ಬಾಗಿ ಕಾಣುತ್ತದೆ. ವೈಡ್‌ಗೆ 1/4, ಕ್ಲೋಸಪ್‌ಗೆ 1/8 ಹಾಕುವ ಕ್ಯಾಮೆರಾಮನ್‌ಗಳು ಇರುವುದು ಇದಕ್ಕೇ.

ಯಕ್ಷಗಾನ ಚಿತ್ರೀಕರಿಸುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಬಡಗುತಿಟ್ಟಿನ ವೇಷದಲ್ಲಿ ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಹೊಳೆಯುತ್ತವೆ. ರಂಗಸ್ಥಳದ ಎದುರಿನಿಂದ, ಪ್ರೇಕ್ಷಕರ ಹಿಂದಿನಿಂದ, 70-200 ಹಾಕಿ ತೆಗೆಯುವುದೇ ಹೆಚ್ಚು. ಆ ದೂರಕ್ಕೆ, ಆ ಲೆನ್ಸಿಗೆ, ಆ ಹೊಳಪಿಗೆ 1/8 ಕೂಡ ಜಾಸ್ತಿಯೇ. ಕಲಾವಿದ ಗಂಟೆಗಟ್ಟಲೆ ಕೂತು ಬರೆದುಕೊಂಡ ಮುಖವರ್ಣಿಕೆಯ ಗೆರೆ ಮಬ್ಬಾದರೆ ಅವರಿಗೆ ಮಾಡಿದ ಅನ್ಯಾಯ, ಅಲ್ವಾ? ದಾಖಲೆಗಾಗಿ ತೆಗೆಯುವ ಆಟಕ್ಕೆ ಫಿಲ್ಟರ್ ಬಿಡಿ. ಚೌಕಿಯೊಳಗೆ ವೇಷ ಕಟ್ಟುವಾಗ 35 ಎಂಎಂನಲ್ಲಿ 1/8 ಹಾಕಿ, ಅಲ್ಲಿ ಅದರ ಗುಣ ಕಾಣುತ್ತದೆ.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ರಾತ್ರಿಯೂ ಹಾಗೆಯೇ. ತಿರುಗುವ ತೊಟ್ಟಿಲು, ಎಲ್‌ಇಡಿ ಸರ, ಅಂಗಡಿ ದೀಪ, ಮೇಲೆದ್ದ ಧೂಳು. ದೀಪ ಹೆಚ್ಚಿದಷ್ಟೂ ಫಿಲ್ಟರ್ ಕಡಿಮೆ. ಶಟರ್ 1/50ಗೆ ಇಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಅಗ್ಗದ ಎಲ್‌ಇಡಿಗಳ ಬಗ್ಗೆ ಮಾತ್ರ ಆ ಭರವಸೆ ಕೊಡಲಾರೆ.

ಮದುವೆ ಚಪ್ಪರದಲ್ಲಿ ಹಗಲು ಹೊತ್ತು ಫಿಲ್ಟರ್ ತೆಗೆದುಬಿಡಿ. ಒಳಗೆ ನೆರಳು, ಚಪ್ಪರದ ಅಂಚಿನಾಚೆ ಸುಡುವ ಬಿಸಿಲು. ಆ ಬಿಸಿಲು ಫಿಲ್ಟರಿನ ಮೂಲಕ ವಧೂವರರ ಮುಖದ ಮೇಲೆ ಹರಡಿಕೊಳ್ಳುತ್ತದೆ. ಹೋಮದ ಹೊಗೆ ಎದ್ದಾಗಲಂತೂ ಹೊಗೆಯೇ ಸಾಕಷ್ಟು ಮಿಸ್ಟ್ ಹಾಕಿರುತ್ತದೆ.

ಕಪ್ಪು, ಬಿಳಿ, ಮಿನುಗು

ಟಿಫನ್ ಕಂಪನಿಯ ಪ್ರೊ ಮಿಸ್ಟ್ ಮುಖ್ಯವಾಗಿ ಎರಡು ಬಗೆ. ಬಿಳಿ ಪ್ರೊ ಮಿಸ್ಟ್ ಹೈಲೈಟನ್ನು ಹರಡುವುದರ ಜೊತೆಗೆ ಕತ್ತಲ ಭಾಗವನ್ನೂ ಮೇಲೆತ್ತುತ್ತದೆ. ಬ್ಲ್ಯಾಕ್ ಪ್ರೊ ಮಿಸ್ಟ್‌ನಲ್ಲಿ ಕಪ್ಪು ಕಣಗಳೂ ಸೇರಿರುವುದರಿಂದ ಕತ್ತಲು ಹೆಚ್ಚು ಕತ್ತಲಾಗಿಯೇ ಉಳಿಯುತ್ತದೆ. ತೇವದ ಗಾಳಿ ಮೊದಲೇ ಕತ್ತಲನ್ನು ಎತ್ತಿಟ್ಟಿರುವ ನಮ್ಮ ಊರಿಗೆ ಬಿಳಿ ಬಗೆ ಹೊಂದುವುದಿಲ್ಲ. ಕಪ್ಪೇ ಸರಿ.

ಗ್ಲಿಮರ್‌ಗ್ಲಾಸ್ ಕೂಡ ಟಿಫನ್‌ನದೇ. ಪ್ರಭೆಯ ಜೊತೆ ಚರ್ಮದ ಸಣ್ಣ ವಿವರಗಳನ್ನೂ ಮೆದುಗೊಳಿಸುತ್ತದೆ. ಹತ್ತಿರದ ಮುಖಕ್ಕೆ, ಸೀರೆ ಒಡವೆಯ ಶಾಟ್‌ಗೆ ಮುದ್ದಾಗಿ ಬರುತ್ತದೆ. ಬ್ಲ್ಯಾಕ್ ಮಿಸ್ಟ್‌ಗಿಂತ ಒಂದು ಗುಟುಕು ಸಿಹಿ ಜಾಸ್ತಿ. ಮೀನುಗಾರರ ಮುಖದ ಗೆರೆ, ಬೈತಕೋಲ್ ಬಂದರಿನ ತುಕ್ಕು ಹಿಡಿದ ಕಬ್ಬಿಣ, ಯಾಣದ ಕಪ್ಪು ಬಂಡೆ ಇಂಥದ್ದಕ್ಕೆ ಬೇಡ. ಅಲ್ಲಿ ವಿವರವೇ ಚಿತ್ರ.

ಶ್ನೈಡರ್‌ನ ಹಾಲಿವುಡ್ ಬ್ಲ್ಯಾಕ್ ಮ್ಯಾಜಿಕ್ ಎರಡು ಬಗೆಯ ಫಿಲ್ಟರನ್ನು ಒಂದೇ ಗಾಜಿನಲ್ಲಿ ಸೇರಿಸಿದ್ದು. ಕ್ಲಾಸಿಕ್ ಸಾಫ್ಟ್ ಚರ್ಮ ನೋಡಿಕೊಳ್ಳುತ್ತದೆ, ಬ್ಲ್ಯಾಕ್ ಫ್ರಾಸ್ಟ್ ಹೈಲೈಟ್ ನೋಡಿಕೊಳ್ಳುತ್ತದೆ. ನನ್ನ ಕಣ್ಣಿಗೆ ಇದು ಎಲ್ಲಕ್ಕಿಂತ ಹದವಾದದ್ದು. ಬೆಲೆ ಮಾತ್ರ ಹದವಾಗಿಲ್ಲ. ಜಾಹೀರಾತು ಕೆಲಸ ಸಿಕ್ಕಾಗ ಮ್ಯಾಟ್ ಬಾಕ್ಸ್ (ಲೆನ್ಸಿನ ಮುಂದೆ ಫಿಲ್ಟರ್ ಹಿಡಿಯುವ ಚೌಕಟ್ಟು) ಜೊತೆ ಬಾಡಿಗೆಗೆ ತರಿಸಿ.

ಕಡಿಮೆ ಬೆಲೆಗೆ ಕೆ ಆಂಡ್ ಎಫ್, ನಡುವೆ ನಿಸಿ, ಕೆಂಕೊ ಇದ್ದಾವೆ. ಮೊಮೆಂಟ್‌ನ ಸಿನೆಬ್ಲೂಮ್ ಭಿನ್ನರಾಶಿ ಬಿಟ್ಟು 5, 10, 20 ಶೇಕಡಾ ಲೆಕ್ಕ ಹಿಡಿದಿದೆ. ಒಂದು ಕಂಪನಿಯ 1/4 ಇನ್ನೊಂದರ 1/4ಗೆ ಸಮ ಅಲ್ಲ. ಇದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಎರಡು ಕ್ಯಾಮೆರಾ ಇಟ್ಟು ಮದುವೆ ತೆಗೆಯುವವರು ಎರಡಕ್ಕೂ ಒಂದೇ ಕಂಪನಿಯದ್ದು ಹಾಕಿ. ಆರಂಭದಲ್ಲಿ ಅಗ್ಗದ 1/8 ಸಾಕು, ಕೆಲಸ ಕೊಡುತ್ತದೆ.

ಕಾಲುಚೀಲ, ವ್ಯಾಸಲೀನ್, ಹಳೆ ಲೆನ್ಸ್

ತೆಳು ನೈಲಾನ್ ಸ್ಟಾಕಿಂಗ್ ಕತ್ತರಿಸಿ ಲೆನ್ಸಿನ ಹಿಂಭಾಗಕ್ಕೆ ಬಿಗಿಯಾಗಿ ಕಟ್ಟುವುದು ಸಿನಿಮಾದವರ ಹಳೆ ಉಪಾಯ. ಕಪ್ಪು ಬಲೆ ಕಾಂಟ್ರಾಸ್ಟ್ ಉಳಿಸುತ್ತದೆ, ಬಿಳಿ ಬಲೆ ಇಳಿಸುತ್ತದೆ. ಪ್ರಭೆ ನಿಜಕ್ಕೂ ಬೇರೆ ಥರ, ಚೆಂದ. ಆದರೆ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಬಾಯಿ ತೆರೆದುಕೊಂಡು ಕೂರುತ್ತದೆ. ಬೀಚಿನ ಮರಳು ಗಾಳಿಯಲ್ಲಿ ಈ ಪ್ರಯೋಗ ಮಾಡಬೇಡಿ ಮಾರಾಯ್ರೆ. ಮನೆಯಲ್ಲಿ ಕಟ್ಟಿಕೊಂಡು ಹೋಗಿ, ಇಲ್ಲಾ ಮುಂದೆ ಕಟ್ಟಿ. ಮುಂದೆ ಕಟ್ಟಿದಾಗ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಮುಚ್ಚಿದಷ್ಟೂ ಬಲೆಯ ನೂಲು ಚಿತ್ರದಲ್ಲಿ ಕಾಣಿಸಿಕೊಳ್ಳುವ ಸಂಭವ ಇದೆ, ಎಫ್/2.8ರ ಆಸುಪಾಸಿನಲ್ಲೇ ಇರಿ.

ಹಳೆ ಯುವಿ ಫಿಲ್ಟರಿಗೆ ವ್ಯಾಸಲೀನ್ ಸವರುವುದೂ ಒಂದು ದಾರಿ. ನಡುವೆ ಸ್ವಚ್ಛ ಬಿಟ್ಟು ಅಂಚಿಗೆ ಮಾತ್ರ ಹಚ್ಚಿದರೆ ನೆನಪಿನ ದೃಶ್ಯಕ್ಕೆ ಆಗುತ್ತದೆ. ಇನ್ನೊಮ್ಮೆ ಅದೇ ಥರ ಹಚ್ಚಲು ಬರುವುದಿಲ್ಲ, ಮರಳೂ ಹತ್ತಿಕೊಳ್ಳುತ್ತದೆ.

ಸೋವಿಯತ್ ಕಾಲದ ಹೀಲಿಯೊಸ್ 44-2, 58 ಎಂಎಂ ಎಫ್/2, ಇಂಥ ಹಳೆ ಲೆನ್ಸ್ ಅಡಾಪ್ಟರ್ ಹಾಕಿ ಬಳಸುವವರಿಗೆ ಫಿಲ್ಟರ್ ಬೇಕೇ ಇಲ್ಲ ಅನ್ನಬಹುದು. ಹಳೆ ಲೇಪದ ಗಾಜು ತಾನೇ ಮೆತ್ತಗಿರುತ್ತದೆ. ಮಂದಗತಿಯ ಕಿರುಚಿತ್ರಕ್ಕೆ ನಾನು ಮಿಸ್ಟ್‌ಗಿಂತ ಮೊದಲು ಇದನ್ನೇ ಹೇಳುತ್ತೇನೆ. ಆಟೋಫೋಕಸ್ ಇಲ್ಲದ್ದರಿಂದ ಮದುವೆಗೆ ಆಗದು.

ಎಡಿಟಿಂಗ್‌ನಲ್ಲಿ ಹಾಕಿದರೆ ಆಗದೇ?

ಆಗುತ್ತದೆ, ಬಹಳ ಮಟ್ಟಿಗೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ದಾರಿ ಇದೆ. ಇನ್ನೊಂದು ನೋಡ್‌ನಲ್ಲಿ (ಬಣ್ಣ ತಿದ್ದುವ ಒಂದು ಹಂತ) ಕ್ವಾಲಿಫೈಯರ್ ಎಂಬ ಆಯ್ಕೆ ಉಪಕರಣದಿಂದ ಹೈಲೈಟ್ ಮಾತ್ರ ಹಿಡಿಯಿರಿ, ಬ್ಲರ್ ಮಾಡಿ, ಲೇಯರ್ ಮಿಕ್ಸರ್‌ನಲ್ಲಿ ಸ್ಕ್ರೀನ್ ಮೋಡ್ ಹಾಕಿ ಮೂಲದ ಮೇಲೆ ಕೂರಿಸಿ. ಬ್ಲರ್ ಕಡಿಮೆ ಮಾಡಿ ಬಣ್ಣವನ್ನು ಕೆಂಪು ಕಿತ್ತಳೆ ಕಡೆ ತಳ್ಳಿದರೆ ಫಿಲ್ಮಿನ ಹ್ಯಾಲೇಶನ್ ಸಿಕ್ಕಿತು. 2024ರ ರಿಸಾಲ್ವ್ 19ರಲ್ಲಿ ಬಂದ ಫಿಲ್ಮ್ ಲುಕ್ ಕ್ರಿಯೇಟರ್‌ನಲ್ಲಿ ಹ್ಯಾಲೇಶನ್, ಬ್ಲೂಮ್, ಗ್ರೇನ್ ಎಲ್ಲ ಒಂದೇ ಕಡೆ ಇವೆ, ಆದರೆ ಅದಕ್ಕೆ ದುಡ್ಡು ಕೊಡುವ ಸ್ಟುಡಿಯೊ ಆವೃತ್ತಿ ಬೇಕು. ಡಿಹ್ಯಾನ್ಸರ್ ಪ್ಲಗಿನ್ ಇಟ್ಟುಕೊಂಡವರಿಗೂ ಇವು ಬೇರೆ ಬೇರೆಯಾಗಿ ಸಿಗುತ್ತವೆ.

ಎಡಿಟಿಂಗ್‌ನ ದೊಡ್ಡ ಲಾಭ, ಬೇಡ ಅನ್ನಿಸಿದರೆ ತೆಗೆಯಬಹುದು. ಗಾಜಿನ ಮಿಸ್ಟ್ ತೆಗೆಯಲು ಬರುವುದಿಲ್ಲ.

ಆದರೆ ಎಡಿಟಿಂಗ್‌ಗೆ ಗೊತ್ತಾಗದ ಒಂದು ವಿಷಯ ಇದೆ. ಸೆನ್ಸರಿಗೆ ಒಂದು ಮಟ್ಟದ ಮೇಲೆ ಎಲ್ಲ ಬಿಳಿಯೂ ಒಂದೇ ಬಿಳಿ. ಬಿಸಿಲಲ್ಲಿ ನಿಂತವನ ಬಿಳಿ ಅಂಗಿ, ಲಾರಿಯ ಹೆಡ್‌ಲೈಟ್, ಕಡಲ ಮೇಲಿನ ಸೂರ್ಯ ಮೂರೂ ಸುಟ್ಟಿದ್ದರೆ ಫೈಲಿನಲ್ಲಿ ಮೂರರ ಸಂಖ್ಯೆಯೂ ಒಂದೇ. ಸಾಫ್ಟ್‌ವೇರ್ ಮೂರಕ್ಕೂ ಒಂದೇ ಅಳತೆಯ ಗ್ಲೋ ಕೊಡುತ್ತದೆ, ಅಂಗಿ ದೀಪದ ಹಾಗೆ ಹೊಳೆಯುತ್ತದೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿ ಇಲ್ಲ ಅನ್ನಿಸುತ್ತದೆ. ಗಾಜಿನ ಫಿಲ್ಟರ್ ಸೆನ್ಸರಿಗೆ ಮೊದಲೇ ಕೂತಿರುವುದರಿಂದ ಬೆಳಕಿನ ನಿಜವಾದ ಜೋರು ಅದಕ್ಕೆ ಸಿಗುತ್ತದೆ. ಸೂರ್ಯನಿಗೆ ಸೂರ್ಯನಷ್ಟು, ಅಂಗಿಗೆ ಅಂಗಿಯಷ್ಟು. ಫ್ರೇಮಿನ ಹೊರಗಿನ ದೀಪವೂ ಫಿಲ್ಟರಿಗೆ ತಾಗಿ ಒಳಗೆ ಸ್ವಲ್ಪ ಮಬ್ಬು ತರುತ್ತದೆ. ಎಡಿಟಿಂಗ್‌ಗೆ ಫ್ರೇಮಿನ ಹೊರಗೆ ಏನಿದೆ ಅಂತ ಹೇಗೆ ತಿಳಿಯಬೇಕು?

ಹಾಗಾಗಿ ನನ್ನ ಲೆಕ್ಕ ಇಷ್ಟು. ಸೂರ್ಯಾಸ್ತ, ರಾಷ್ಟ್ರೀಯ ಹೆದ್ದಾರಿ 66ರ ರಾತ್ರಿ ವಾಹನಗಳು, ದೀಪೋತ್ಸವ ಇಂಥ ಜೋರು ಬೆಳಕು ಫ್ರೇಮಿನಲ್ಲೇ ಇದ್ದರೆ ಗಾಜು. ಮಳೆ, ಇಬ್ಬನಿ, ಚಪ್ಪರ, ಟೆಲಿ ಲೆನ್ಸ್ ಇದ್ದರೆ ಎಡಿಟಿಂಗ್. ಕೆಂಪು ಹ್ಯಾಲೇಶನ್ ಬೇಕಾದರೆ ಗಾಜಿನ 1/8 ಮೇಲೆ ಸ್ವಲ್ಪವೇ ಸ್ವಲ್ಪ ಎಡಿಟಿಂಗ್. ಗ್ರೀನ್ ಸ್ಕ್ರೀನ್ ಇದ್ದರೆ ಗಾಜಿನ ಮಾತೇ ಬೇಡ, ಹಸಿರು ಅಂಚಿಗೆಲ್ಲ ಹರಡಿ ಕೀ (ಹಸಿರು ತೆಗೆದು ಬೇರೆ ಹಿನ್ನೆಲೆ ಕೂರಿಸುವುದು) ಹಾಳಾಗುತ್ತದೆ. 8 ಬಿಟ್ (ಬಣ್ಣದ ಮೆಟ್ಟಿಲು ಕಡಿಮೆ ಇರುವ) ಫೈಲ್ ಇದ್ದರೆ ಎಡಿಟಿಂಗ್ ಗ್ಲೋ ಮೆಲ್ಲಗೆ ಹಾಕಿ, ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ.

ಎನ್‌ಡಿ ಜೊತೆ ಸಂಸಾರ

ಹಗಲು ಹೊತ್ತು ಮಿಸ್ಟ್ ಒಂದೇ ಸಾಲದು, ಬೆಳಕನ್ನು ಕಡಿಮೆ ಮಾಡುವ ಎನ್‌ಡಿ ಎಂಬ ಕಪ್ಪು ಗಾಜೂ ಬೇಕು. ಸ್ವಚ್ಛ ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100ಕ್ಕೆ ಸರಿಯಾದ ಎಕ್ಸ್‌ಪೋಷರ್ ಸುಮಾರು 1/100, ಎಫ್/16. ನಿಮಗೆ ಬೇಕಾದದ್ದು 1/50, ಎಫ್/2.8. ಲೆಕ್ಕ ಹಾಕಿದರೆ 6 ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು) ಜಾಸ್ತಿ, ಅಂದರೆ ಎನ್‌ಡಿ 64. ಲಾಗ್‌ನಲ್ಲಿ (ಗ್ರೇಡಿಂಗ್‌ಗೆಂದು ಕಡಿಮೆ ಕಾಂಟ್ರಾಸ್ಟ್‌ನಲ್ಲಿ ದಾಖಲಿಸುವ ಬಗೆ) ಐಎಸ್‌ಒ 800 ಇಟ್ಟರೆ ಇನ್ನೂ 3 ಸ್ಟಾಪ್. ಎನ್‌ಡಿ ಇಲ್ಲದೆ ಎಫ್/16ಕ್ಕೆ ಹೋದರೆ ಮಿಸ್ಟ್ ಗಾಜಿನ ಕಣಗಳು ಆಕಾಶದ ಬಿಳಿಯಲ್ಲಿ ಚುಕ್ಕೆಗಳಾಗಿ ಕಾಣಬಹುದು, ವೈಡ್ ಲೆನ್ಸಿನಲ್ಲಂತೂ ಹೆಚ್ಚು. ಮಿಸ್ಟ್ ಕೊಳ್ಳುವ ಮೊದಲು ಎನ್‌ಡಿ ಕೊಳ್ಳಿ ಅಂತ ನಾನು ಹೇಳುವುದು ಇದಕ್ಕೆ.

ಎರಡು ಗಾಜು ಒಂದರ ಮೇಲೊಂದು ಹಾಕಿದರೆ ವೈಡ್ ಲೆನ್ಸಿನಲ್ಲಿ ಮೂಲೆ ಕಪ್ಪಾಗುತ್ತದೆ, ರಾತ್ರಿ ಹೆಡ್‌ಲೈಟಿನ ತಲೆಕೆಳಗಾದ ಪ್ರತಿಬಿಂಬವೂ ಬರುತ್ತದೆ. ಕತ್ತಲಾದ ಕೂಡಲೇ ಎನ್‌ಡಿ ಬಿಚ್ಚಿ. ಎನ್‌ಡಿ ಮತ್ತು ಮಿಸ್ಟ್ ಒಂದೇ ಗಾಜಿನಲ್ಲಿರುವವು ಸಿಗುತ್ತವೆ, ಆದರೆ ಒಂದನ್ನು ಬಿಟ್ಟು ಇನ್ನೊಂದು ಬಳಸಲು ಆಗದು. ನಮ್ಮ ಹವೆಗೆ ಬೇರೆ ಬೇರೆ ಇರುವುದೇ ಒಳ್ಳೆಯದು. ನಿಮ್ಮಲ್ಲಿರುವ ದೊಡ್ಡ ಲೆನ್ಸಿನ ಅಳತೆಗೆ, ಬಹುಶಃ 77 ಅಥವಾ 82 ಎಂಎಂ, ಒಂದೇ ಫಿಲ್ಟರ್ ಕೊಂಡು ಉಳಿದವಕ್ಕೆ ಅಳತೆ ಹೊಂದಿಸುವ ಸ್ಟೆಪ್ ಅಪ್ ರಿಂಗ್ ಹಾಕಿ.

ಉಪ್ಪು

ಬೀಚಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಗಾಜಿನ ಮೇಲೆ ಉಪ್ಪಿನ ತೆಳು ಪದರ ಕೂರುತ್ತದೆ. 1/8 ಮೆಲ್ಲಗೆ 1/4 ಆಗುತ್ತದೆ, ಮಾನಿಟರಿನಲ್ಲಿ ನಿಧಾನ ಆಗುವುದರಿಂದ ಗೊತ್ತೂ ಆಗುವುದಿಲ್ಲ. ಶಾಟ್ ನಡುವೆ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಣ ಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು, ಮರಳು ಗೀರುತ್ತವೆ. ಮೊದಲು ಬ್ಲೋವರ್, ಆಮೇಲೆ ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆ, ಕೊನೆಗೆ ಒಣ ಮೈಕ್ರೊಫೈಬರ್. ಟಿಫನ್‌ನಲ್ಲಿ ಕಣಗಳ ಪದರ ಎರಡು ಗಾಜಿನ ನಡುವೆ ಇರುವುದರಿಂದ ಒರೆಸಿದರೆ ಅದು ಸವೆಯುವ ಭಯ ಇಲ್ಲ. ಅಂಚಿನಿಂದ ನೀರು ಒಳಗೆ ಹೋಗಬಾರದು, ಹಾಗಾಗಿ ನೀರಲ್ಲಿ ನೆನೆಸಿಡಬೇಡಿ.

ಮಳೆಗಾಲ ಪೂರ್ತಿ ಮಿಸ್ಟ್‌ಗೆ ಕೆಲಸ ಇಲ್ಲದ್ದರಿಂದ ಚೀಲದಲ್ಲೇ ಮರೆತುಬಿಡುವುದು ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಇಲ್ಲಾ ಬಟ್ಟೆಯ ಚೀಲದಲ್ಲಿಟ್ಟ ಗಾಜಿಗೆ ಫಂಗಸ್ ಹಿಡಿಯುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್‌ನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅಡುಗೆಯ ಬಾಣಲೆ ಮಾತ್ರ ಬೇಡ, ಇದಕ್ಕೆ ಒಂದು ಹಳೆಯದನ್ನು ಬೇರೆ ಇಟ್ಟುಕೊಳ್ಳಿ.